ಎಮ್ಮೆಗೆ ರೂಢಿಯಾದ ಲ್ಯಾಟಿನ್

ಲ್ಯಾಟಿನ್ ಯಾಕೆ ಕಲಿತೆ ಎಂದು ಕೇಳಬೇಡಿ. ಫೋನಿನಲ್ಲಿ ಪುಕ್ಕಟೆ ಕಲಿಸುತ್ತಿದ್ದರು, ಕಲಿತೆ. ಸುರಪುರದ ನಮ್ಮ ಮನೆಯಲ್ಲಿ ನನಗೆ ಬಿಡುವು ಸಿಗುವುದು ಬೆಳಿಗ್ಗೆ ಎಮ್ಮೆ ಹಿಂಡುವಾಗ ಮಾತ್ರ. ಉಳಿದವರು ಎಮ್ಮೆಯನ್ನು ಹಾಡಿ ರಮಿಸಿ ಹಿಂಡುತ್ತಾರೆ. ನಾನು ಗುಲಾಬಿ ಎಂಬ ಪದದ ವಿಭಕ್ತಿಗಳನ್ನು ಬಾಯಿಪಾಠ ಮಾಡುತ್ತ ದಿನಾ ಹಿಂಡುತ್ತಿದ್ದೆ: "ರೊಸಾ, ರೊಸಾಯ್, ರೊಸಾಯ್, ರೊಸಾಮ್."

ಒಮ್ಮೆ ಮದುವೆಗೆಂದು ಯಾದಗಿರಿಗೆ ಹೋಗಿದ್ದೆ. ಬೆಳಿಗ್ಗೆಯೇ ಹೆಂಡತಿಯ ಫೋನು ಬಂತು. ಶಹಾಪುರದ ಬೀಗರು ಬಂದು ಚಹಾಕ್ಕೆ ಕಾಯುತ್ತಿದ್ದರು, ಎಮ್ಮೆ ಒಂದು ಹನಿ ಹಾಲು ಬಿಟ್ಟಿರಲಿಲ್ಲ.

"ಒದಿಯಾಕತ್ತದ್ರಿ. ನಿಮ್ಮ ಆ ರೊಸಾ ರೊಸಾ ಅನ್ರಿ, ಅದರ ಕಿವಿಗೆ ಫೋನ್ ಹಿಡಿತೀನಿ."

"ಏ, ಇಲ್ಲಿ ಮಂದಿ ಅದಾರ."

"ಇಲ್ಲಿ ಬೀಗರು ಅದಾರ್ರಿ! ಅನ್ರಿ ಸುಮ್ನ!"

ಮದುವೆ ಮಂಟಪದ ನಡುವೆ ನಿಂತು ಗಟ್ಟಿಯಾಗಿ ಅಂದೆ. ಮಂದಿ ವಾಲಗ ಬಿಟ್ಟು ನನ್ನನ್ನು ನೋಡಿದರು. ಆ ಕಡೆಯಿಂದ ಬಕೆಟ್ಟಿಗೆ ಹಾಲು ಬೀಳುವ ಸದ್ದು ಕೇಳಿತು. ಬೀಗರಿಗೆ ಚಹಾ ಸಿಕ್ಕಿತು.

ಗುಲಾಬಿಯ ಗುಂಪು ಮುಗಿಯಿತು, ಎರಡನೆಯ ಗುಂಪಿನ ಪದಗಳಿಗೆ ಹೋಗು ಎಂದು ಫೋನು ದಿನಾ ಹೇಳುತ್ತದೆ. ಒಂದು ದಿನ ಹೋದೆ, ಎಮ್ಮೆ ಒದೆಯಿತು. ನಾನಿನ್ನೂ ಗುಲಾಬಿಯಲ್ಲೇ ಇದ್ದೇನೆ.