ಜಿಗಿದಿನ್ನಿಯ ಹೊಸ ಇಳಿಜಾರು

ಕಪ್ಪತಗುಡ್ಡದ ಬುಡದಲ್ಲಿ, ಶಿರಹಟ್ಟಿಯಿಂದ ಮುಂಡರಗಿ ಕಡೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಅಪ್ಪ ಡ್ರಿಲ್ ಮಾಸ್ತರನಾಗಿದ್ದ ಊರಿದೆ. ಆ ಊರ ಶಾಲೆಗೆ ಮಟ್ಟಸವಾದ ಮೈದಾನವೇ ಇರಲಿಲ್ಲ. ಹಿಂದೆ ಗುಡ್ಡ, ಮುಂದೆ ಯಾರದೋ ಜೋಳದ ಹೊಲ. ಮಕ್ಕಳನ್ನು ಆಡಿಸಲು ಜಾಗ ಹುಡುಕಿ ಸಾಕಾದ ಅಪ್ಪ, ಒಂದು ದಿನ ಗುಡ್ಡದ ಇಳಿಜಾರನ್ನೇ ನೋಡುತ್ತ ನಿಂತು, "ಇದನ್ನ ಬಳಸ್ಕೊಂಡ್ರ ಹೆಂಗ?" ಅಂದನಂತೆ. ಜಿಗಿದಿನ್ನಿ ಹುಟ್ಟಿದ್ದು ಹಾಗೆ.

ಅದು ದೊಡ್ಡ ಕಟ್ಟಡವೇನಲ್ಲ. ಇಳಿಜಾರಿನಲ್ಲಿ ಕಲ್ಲು ಮುಳ್ಳು ತೆಗೆದು ಹಸನು ಮಾಡಿದ ಓಡುವ ದಾರಿ. ದಾರಿಯ ತುದಿಗೆ, ಅದೇ ಮಟ್ಟಕ್ಕೆ, ಕೆಳಗಿನಿಂದ ಟೊಂಕದೆತ್ತರದ ಒಂದು ಕಟ್ಟೆ, ಅದರ ಮೇಲೆ ಚಪ್ಪಟೆ ಕಲ್ಲು. ಮೇಲಿನಿಂದ ಓಡಿಬಂದು ಆ ಕಲ್ಲಿನ ಮೇಲೆ ಕಾಲಿಟ್ಟು ಹಾರಬೇಕು. ಕೆಳಗೆ ಮರಳು ತುಂಬಿದ ಗುಂಡಿ. ಮರಳನ್ನು ಹಮ್ಮಿಗಿಯ ಹೊಳೆಯಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದರು. ಪಕ್ಕದಲ್ಲಿ ಊರವರು ಕೂತು ನೋಡಲಿಕ್ಕೆ ಕಲ್ಲಿನ ಮೆಟ್ಟಿಲುಗಳು. ಕಟ್ಟೆ, ಮೆಟ್ಟಿಲು ಎರಡನ್ನೂ ಕಟ್ಟಿದವರು ನನ್ನ ಗೆಳತಿಯ ಅಬ್ಬಾ. ಆತ ಊರಿನ ಗೌಂಡಿ.

ಹೆಣ್ಣುಮಕ್ಕಳು ಜಿಗಿಯಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಜಿಗಿಯುತ್ತಿದ್ದವರೆಲ್ಲ ಗಂಡುಹುಡುಗರೇ. ನಾನು ಮಾಸ್ತರ ಮಗಳು, ಅವಳು ಗೌಂಡಿಯ ಮಗಳು. ಕಟ್ಟಿಸಿದವನ ಮಗಳಿಗೂ ಕಟ್ಟಿದವನ ಮಗಳಿಗೂ ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಶಾಲೆ ಬಿಟ್ಟ ಮೇಲೆ ಇಬ್ಬರೂ ಲಂಗ ಎತ್ತಿ ಕಟ್ಟಿಕೊಂಡು ಮೇಲೆ ಹತ್ತುತ್ತಿದ್ದೆವು. ಅಲ್ಲಿಂದ ನೋಡಿದರೆ ಡಂಬಳದ ಕಡೆಯ ಎರೆಹೊಲಗಳು ಕಪ್ಪಗೆ ಹಾಸಿಕೊಂಡಿರುತ್ತಿದ್ದವು. ಗುಡ್ಡದ ಹುಲ್ಲಿಗೆ ಒಂದು ಘಾಟು ವಾಸನೆ. ಗಾಳಿಯೋ, ನಿಂತವರನ್ನು ತಾನೇ ನೂಕುವಷ್ಟು.

ನಾನು ಜಿಗಿಯುತ್ತಿದ್ದೆ, ಅವಳು ಹಾರುತ್ತಿದ್ದಳು. ಅವಳು ಕಲ್ಲು ಬಿಟ್ಟ ಮೇಲೆ ನೆಲಕ್ಕೆ ಬರುವುದನ್ನು ಮರೆತೇಬಿಟ್ಟಳೇನೋ ಅನ್ನಿಸುತ್ತಿತ್ತು. ದಾವಣಿ ಗಾಳಿಗೆ ಉಬ್ಬಿ ಬೆನ್ನ ಹಿಂದೆ ಪಟಪಟ ಅನ್ನುತ್ತಿತ್ತು. ಒಮ್ಮೆ ದೊಡ್ಡ ಹುಡುಗರೆಲ್ಲ ಬಿದ್ದ ಗುರುತು ದಾಟಿ, ಮರಳಿನ ಆಚೆ ಅಂಚಿಗೆ ಹೋಗಿ ಬಿದ್ದಳು. ಅಪ್ಪ ಅಲ್ಲಿ ಒಂದು ಕಲ್ಲು ಹುಗಿಸಿ ಸುಣ್ಣ ಬಳಿಸಿದ. ಆ ಕಲ್ಲನ್ನು ಆಮೇಲೆ ಯಾರೂ ದಾಟಲಿಲ್ಲ.

ಅದಾದ ಮೇಲೆ ಅವಳು ಬರುವುದನ್ನೇ ನಿಲ್ಲಿಸಿದಳು. ಬಾವಿಯ ಪಾವಟಿಗೆಯ ಮೇಲೆ ಜಾರಿ ಬಿದ್ದಿದ್ದಾಳೆ, ಕಾಲು ಉಳುಕಿದೆ ಅಂದರು. ಕಾಲು ನೆಟ್ಟಗಾದ ಮೇಲೂ ಬರಲಿಲ್ಲ. ಮುಂದೆ ಅವಳಿಗೆ ಲಕ್ಷ್ಮೇಶ್ವರದ ಬಳೆ ವ್ಯಾಪಾರಿಯ ಮನೆಗೆ ಮದುವೆಯಾಯಿತು. ನಾನು ಅಪ್ಪನ ಹಾಗೆ ಆಟದ ಟೀಚರಾಗಿ ಬೆಟಗೇರಿಯ ಶಾಲೆಯೊಂದಕ್ಕೆ ಸೇರಿ, ಅಲ್ಲೇ ನಿವೃತ್ತಳಾದೆ. ಹಬ್ಬಕ್ಕೆ, ಮದುವೆಗೆ ನಾವಿಬ್ಬರೂ ತಪ್ಪದೆ ಸೇರುತ್ತಿದ್ದೆವು. ಸೇರಿದಾಗಲೆಲ್ಲ ಜಿಗಿದಿನ್ನಿಯ ಮಾತು ತೆಗೆಯುತ್ತಿದ್ದವಳು ನಾನೇ.

ಈಗ ಊರಿನವರು ಅದನ್ನು ಮತ್ತೆ ಕಟ್ಟಬೇಕೆಂದು ಮನಸ್ಸು ಮಾಡಿದರು. ಅಪ್ಪ ತೀರಿಹೋಗಿ ವರ್ಷಗಳೇ ಆಗಿದ್ದರಿಂದ, ನೀವಾದರೂ ಬಂದು ನೋಡಿ ಹೇಳ್ರಿ ಎಂದು ನನ್ನನ್ನು ಕರೆದರು. ಹೋಗಿ ನೋಡಿದೆ. ಓಡುವ ದಾರಿಯ ತುಂಬ ಜಾಲಿ ಬೆಳೆದಿತ್ತು. ಮಳೆನೀರು ಮರಳನ್ನೆಲ್ಲ ತೊಳೆದುಕೊಂಡು ಹೋಗಿ ಗುಂಡಿಯಲ್ಲಿ ಗಟ್ಟಿ ಮಣ್ಣು ಉಳಿದಿತ್ತು. ಮೆಟ್ಟಿಲುಗಳ ಸಂದಿಯಲ್ಲಿ ಬೇವಿನ ಸಸಿ. ಆದರೆ ಹಾರುವ ಕಲ್ಲು ಮಾತ್ರ ಇದ್ದಲ್ಲೇ ಇತ್ತು. ನಾನು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ. ಬಿಸಿಲಿಗೆ ಕಾದಿದ್ದರೂ ಇಳಿಯಲು ಮನಸ್ಸಾಗಲಿಲ್ಲ.

ಹುಬ್ಬಳ್ಳಿಯಿಂದ ಒಬ್ಬ ಆರ್ಕಿಟೆಕ್ಟ್ ಹುಡುಗಿ ಬಂದಿದ್ದಳು. ಚುರುಕು ಹುಡುಗಿ, ಬಿಸಿಲಲ್ಲಿ ಟೋಪಿ ಹಾಕಿಕೊಂಡು ಗುಡ್ಡವನ್ನೆಲ್ಲ ಅಳೆದಿದ್ದಳು. ಮೆಟ್ಟಿಲನ್ನು ಅದೇ ಕಲ್ಲಿನಲ್ಲೇ ಮತ್ತೆ ಜೋಡಿಸುತ್ತೇವೆ ಅಂದಾಗ ನನಗೆ ಖುಷಿಯಾಯಿತು. ಆಮೇಲೆ ಅವಳು ನಕಾಶೆ ಬಿಚ್ಚಿದಳು. ಅದರಲ್ಲಿ ಕಟ್ಟೆ ತಗ್ಗಾಗಿತ್ತು, ಕಲ್ಲು ಹಿಂದೆ ಸರಿದಿತ್ತು. ಗುಂಡಿಯ ಜಾಗದಲ್ಲಿ ಉದ್ದಕ್ಕೆ ಕೆಳಗಿಳಿಯುವ ಮರಳಿನ ಇಳಿಜಾರು.

"ಇದು ಜಿಗಿದಿನ್ನಿ ಅಲ್ಲ ಬಿಡವಾ," ಅಂದೆ. "ಇದು ಬ್ಯಾರೇನ ಏನೋ ಆತು."

"ಅಕ್ಕೋರ, ಸ್ವಲ್ಪ ಕೇಳ್ರಿ," ಎಂದು ಅವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಯಾವುದೋ ಹಿಮದ ನಾಡು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡವನೊಬ್ಬ ಗುಡ್ಡದ ಮೇಲಿನಿಂದ ಜಾರಿ ಬಂದು ಆಕಾಶಕ್ಕೆ ಚಾಚಿಕೊಂಡಿದ್ದ. "ಇವ್ರು ಎಷ್ಟು ದೂರ ಹಾರ್ತಾರ, ಆದ್ರೂ ಕಾಲು ಮುರ್ಕೊಳ್ಳಂಗಿಲ್ಲ. ಯಾಕಂದ್ರ ಇಳಿಯೋ ಜಾಗಾನೂ ಇಳಿಜಾರs ಐತಿ. ನೆಲ ಅವರ್ನ ಜೋಡಿ ಕರ್ಕೊಂಡು ಹೋಗ್ತೈತಿ. ನಿಮ್ಮ ಗುಂಡಿ ಸಪಾಟ ಐತ್ರಿ. ಇಲ್ಲಿ ನೆಲ ಎದುರು ನಿಂತು ಹೊಡೀತೈತಿ. ಹೆಚ್ಚು ದೂರ ಹಾರಿದವ್ರಿಗೇ ಹೆಚ್ಚು ಪೆಟ್ಟು."

"ನಾವೆಲ್ಲ ಇಲ್ಲೇ ಜಿಗಿದು ದೊಡ್ಡವರಾದ್ವಿ. ಯಾರಿಗೂ ಏನೂ ಆಗಿಲ್ಲ."

ಅವಳು ನಕಾಶೆ ಸುತ್ತಿಟ್ಟಳು. ನನಗೆ ಸಿಟ್ಟು ಇಳಿಯಲಿಲ್ಲ. ಅಪ್ಪ ಕೈಯಾರೆ ಜಾಗ ಗೊತ್ತುಮಾಡಿದ ಕಲ್ಲು ಅದು. ಮನೆಗೆ ಬಂದವಳೇ ಲಕ್ಷ್ಮೇಶ್ವರಕ್ಕೆ ಫೋನು ಹಚ್ಚಿದೆ. ಗೆಳತಿ ನನ್ನ ಕಡೆಯೇ ಮಾತಾಡುತ್ತಾಳೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. "ನಿಮ್ಮ ಅಬ್ಬಾ ಕಟ್ಟಿದ್ದನ್ನ ಒಡಿಯಾಕ ಹೊಂಟಾರ, ಜಲ್ದಿ ಬಾ," ಅಂದೆ. "ಬರ್ತೀನಿ," ಅಂದಳು. ಮತ್ತೇನೂ ಕೇಳಲಿಲ್ಲ.

ಮರುದಿನವೇ ಊರಿಗೆ ಬಂದಳು. ಬಸ್ಸಿನಿಂದ ಇಳಿಯುವಾಗ ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೇ ಕಾಲನ್ನು ಮುಂದೆ ಮಾಡಿ ಇಳಿದಳು. ವಯಸ್ಸಾಯಿತಲ್ಲ, ನಮ್ಮೆಲ್ಲರ ಮೊಣಕಾಲೂ ಹೀಗೇ ಅಂದುಕೊಂಡೆ. ಗುಡ್ಡದ ಬುಡದವರೆಗೆ ಮೆಲ್ಲಗೆ ನಡೆದೆವು. ಹಳೆಯ ಮೆಟ್ಟಿಲ ಮೇಲೆ ಕೂತು ಅವಳು ಅಬ್ಬಾ ಜೋಡಿಸಿದ ಕಲ್ಲಿನ ಮೇಲೆ ಅಂಗೈ ಆಡಿಸಿದಳು. ಆರ್ಕಿಟೆಕ್ಟ್ ಹುಡುಗಿ ಬಂದು ನಮಸ್ಕಾರ ಹೇಳಿ ಮತ್ತೆ ನಕಾಶೆ ಬಿಚ್ಚಿ, ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದಳು. ನಾನು ಗೆಳತಿಯ ಮುಖವನ್ನೇ ನೋಡುತ್ತಿದ್ದೆ.

"ಒಡೀರಿ," ಅಂದಳು ಗೆಳತಿ.

"ಏನಂದಿ ಬೇ?"

"ಈಕಿ ಖರೆ ಹೇಳಾಕತ್ತಾಳ. ಒಡೀಲಿ." ಅವಳು ಸೀರೆಯ ಮೇಲಿಂದಲೇ ಎಡ ಮೊಣಕಾಲು ಹಿಡಿದುಕೊಂಡಳು. "ಆ ಸುಣ್ಣದ ಕಲ್ಲು ಹುಗಿಸಿದ್ರಲ್ಲ ನಿಮ್ಮಪ್ಪ, ಅವತ್ತು ಇದರೊಳಗ ಏನೋ ಚಟ್ ಅಂತು. ಮನೀತನಕ ಹೆಂಗ ನಡದೆ ಅಂತ ನನಗs ಗೊತ್ತಿಲ್ಲ. ಇವತ್ತಿಗೂ ಚಳಿ ಬಂದ್ರ ನಮಾಜಿಗೆ ಮಂಡಿ ಊರಾಕ ಆಗಂಗಿಲ್ಲ. ಕುರ್ಚಿ ಮ್ಯಾಲ ಕುಂತು ಮಾಡ್ತೀನಿ."

"ಬಾವಿ ಪಾವಟಿಗಿ ಮ್ಯಾಲ ಬಿದ್ದಿ ಅಂದಿದ್ದರಲ್ಲ?"

"ನಾನs ಹಂಗ ಹೇಳಿದ್ದೆ. ಜಿಗಿದು ಕಾಲು ಮುರ್ಕೊಂಡ್ಳು ಅಂತ ಖಬರ ಆಗಿದ್ರ ನನಗಷ್ಟs ಅಲ್ಲ, ನಿನಗೂ ಜಿಗಿಯೋದು ಬಿಡಸ್ತಿದ್ರು. ನಿಮ್ಮಪ್ಪನ್ನ ಜನ ಆಡ್ಕೊಂತಿದ್ರು. ನಮ್ಮ ಅಬ್ಬಾ ತಾನು ಕಟ್ಟಿದ ಕಲ್ಲಿಗೆ ತಾನs ತಲಿ ಬಡ್ಕೊಂತಿದ್ದ."

ಗಾಳಿಗೆ ನಕಾಶೆಯ ಅಂಚು ಬಡಿದುಕೊಳ್ಳುತ್ತಿತ್ತು. ಹುಡುಗಿ ಅದರ ಮೇಲೆ ಕಲ್ಲಿಟ್ಟು ಬೇರೆ ಕಡೆ ನೋಡಿದಳು. ಇಷ್ಟು ವರ್ಷ, ಸೇರಿದಾಗಲೆಲ್ಲ ನಾನು ಆ ಜಿಗಿತವನ್ನು ಹೊಗಳಿ ಹೊಗಳಿ ಹೇಳುತ್ತಿದ್ದೆ. ಅವಳು ನಗುತ್ತ ಕೇಳುತ್ತಿದ್ದಳು. ಅವಳ ಕಡೆ ತಿರುಗಿದೆ.

"ನನಗ ಹೇಳಬಾರದಿತ್ತೇನು?"

"ನೀ ಹೇಳೋವಾಗ ಭಾಳ ಚಂದ ಇರ್ತಿತ್ತಲೇ," ಅಂದಳು. "ಕಾಲಿಗೆ ನೋವಾಗಿದ್ದು ಖರೆ, ಹಾರಿದ್ದೂ ಖರೆ. ಹಾರಿದ್ದರಾಗ ಯಾಕ ನೋವು ಕಲಸ್ಲಿ?"

ನಾನು ಹುಡುಗಿಗೆ, "ನಿನ್ನ ನಕಾಶೆ ಹೆಂಗೈತೋ ಹಂಗs ಕಟ್ಟವಾ," ಅಂದೆ.

ಕೆಲಸ ಶುರುವಾದ ಮೇಲೆ ನಾನು ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಕಟ್ಟೆಯ ಮೊದಲ ಕಲ್ಲು ಕಿತ್ತ ದಿನ ನಾನು ಮುಖ ತಿರುಗಿಸಿ ನಿಂತೆ, ಸುಳ್ಳು ಹೇಳುವುದಿಲ್ಲ. ಆದರೆ ಜೆಸಿಬಿ ಗುಂಡಿಯನ್ನು ಕೆರೆದು ಕೆಳಗಿನ ಬಯಲಿನವರೆಗೆ ಇಳಿಜಾರು ತೆಗೆದಾಗ, ಗುಡ್ಡ ತಾನಾಗಿಯೇ ಕಾಲು ನೀಡಿ ಕೂತ ಹಾಗೆ ಕಂಡಿತು. ಮೆಟ್ಟಿಲುಗಳನ್ನು ಬಿಚ್ಚಿ, ಅದೇ ಕಲ್ಲುಗಳನ್ನು ಒಂದೊಂದಾಗಿ ಮತ್ತೆ ಕೂಡಿಸಿದರು. ಬಿಸಿಲಿಗೆ ಒಂದು ಕಡೆ ತಗಡಿನ ನೆರಳು ಬಂತು. ಕುಡಿಯಲು ನೀರಿನ ನಲ್ಲಿ ಬಂತು. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಒಂದು ಕೋಣೆ ಬಂತು. ನಮಗೆ ಆಗ ಅದೊಂದು ಇರಬೇಕೆಂದು ಹೊಳೆದೂ ಇರಲಿಲ್ಲ.

ಮಕ್ಕಳಿಗೆ ಬಿಟ್ಟುಕೊಟ್ಟ ದಿನ ಗೆಳತಿಯೂ ಬಂದಿದ್ದಳು. ಭಾಷಣ ಮುಗಿಯುವುದನ್ನೇ ಕಾಯುತ್ತಿದ್ದ ಹುಡುಗಿಯರು ಸಾಲಾಗಿ ಮೇಲೇರಿದರು. ಈಗಿನ ಮಕ್ಕಳು ಟ್ರ್ಯಾಕ್ ಪ್ಯಾಂಟಿನಲ್ಲಿ, ಕೂದಲು ಎತ್ತಿ ಕಟ್ಟಿಕೊಂಡು. ಮೊದಲನೆಯವಳು ಓಡಿಬಂದು ಹಾರಿದಳು, ಮರಳಿಗೆ ಮುಟ್ಟಿ ಜರ್ರನೆ ಕೆಳಗೆ ಜಾರಿಕೊಂಡು ಹೋಗಿ, ಎದ್ದು ಹಿಂದೆ ಕೂಡ ನೋಡದೆ ಮತ್ತೆ ಮೇಲಕ್ಕೆ ಓಡಿದಳು. ಆಮೇಲೆ ಬಂದವರೆಲ್ಲ ಹಾಗೇ. ಗೆಳತಿ ಪ್ರತಿಯೊಬ್ಬಳು ನೆಲ ಮುಟ್ಟುವಾಗಲೂ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಬರಬರುತ್ತ ಆ ಹಿಡಿತ ಸಡಿಲಾಯಿತು. ಕೊನೆಗೆ ಕೈ ತೆಗೆದು ಚಪ್ಪಾಳೆ ತಟ್ಟಿದಳು.

ಅವತ್ತು ವಾಪಸು ಬರುವಾಗ ಅವಳನ್ನು ಲಕ್ಷ್ಮೇಶ್ವರಕ್ಕೆ ಹೋಗಲು ಬಿಡಲಿಲ್ಲ. ಗದಗಿನ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹಳೆಯ ಪೆಟ್ಟು, ಪೂರಾ ಸರಿಹೋಗುವುದಿಲ್ಲ, ಆದರೆ ದಿನಾ ವ್ಯಾಯಾಮ ಮಾಡಿದರೆ ಸುತ್ತಲಿನ ಮಾಂಸ ಗಟ್ಟಿಯಾಗಿ ನೋವು ಇಳಿಯುತ್ತದೆ ಅಂದರು ಅವರು. ವ್ಯಾಯಾಮ ಮಾಡಿಸುವುದು ನನಗೆ ಹೊಸದೇ? ಈಗ ಅವಳು ಆಗಾಗ ಬೆಟಗೇರಿಯ ನಮ್ಮ ಮನೆಗೆ ಬಂದು ಎರಡು ಮೂರು ದಿನ ಇದ್ದು ಹೋಗುತ್ತಾಳೆ. ಬೆಳಗಿನ ಚಹಾ ಮುಗಿಸಿ ಮಾಳಿಗೆ ಮೇಲೆ ಚಾಪೆ ಹಾಸುತ್ತೇನೆ. ಅವಳು ಗೋಡೆಗೆ ಆನಿಕೊಂಡು ಕಾಲು ಎತ್ತುತ್ತಾಳೆ, ನಾನು ಎಣಿಸುತ್ತೇನೆ.

"ಇನ್ನೂ ಸ್ವಲ್ಪ ಮ್ಯಾಲ," ಅನ್ನುತ್ತೇನೆ.

"ಸಾಕು ಬಿಡ ಬೇ, ಎಷ್ಟು ಕಾಡ್ತಿ," ಅನ್ನುತ್ತಾಳೆ. ಬೈಯುತ್ತಲೇ ಮತ್ತೊಮ್ಮೆ ಎತ್ತುತ್ತಾಳೆ.