ಅಟ್ಟಣೆ ಗಾಡಿಯ ಮಾವನವರು

ನಮ್ಮ ಮಾವನವರ ಸೊಂಟದಲ್ಲಿ ಉಡಿದಾರದ ಮೇಲೆ ಇನ್ನೊಂದು ಗೆರೆಯಿತ್ತು. ಬೆರಳಗಲದ, ಕಪ್ಪಗೆ ಜಡ್ಡುಗಟ್ಟಿದ ಗೆರೆ. ವರ್ಷಾನುಗಟ್ಟಲೆ ಹಗ್ಗ ಬಿಗಿದುಕೊಂಡು ಮರದ ಕೊಂಬೆ ಕಡಿದವರಿಗೆ ಬರುವ ಗುರುತು ಅದು. ಹಲಗೂರಿನ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದ ನಾನು ಬಾಗಿಲ ಮರೆಯಿಂದ ಅದನ್ನು ನೋಡಿ, ಇವರನ್ನು ಯಾರೋ ಕಂಬಕ್ಕೆ ಕಟ್ಟಿಹಾಕಿದ್ದರೇನೋ ಅಂದುಕೊಂಡಿದ್ದೆ.

ಬಾಗಿಲ ಮರೆ ಯಾಕೆಂದರೆ, ನಮ್ಮ ಮನೆಗಳಲ್ಲಿ ಆಗ ಸೊಸೆ ಮಾವನ ಎದುರು ನಿಲ್ಲುವಂತಿರಲಿಲ್ಲ. ಮಾತಂತೂ ಇಲ್ಲವೇ ಇಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಅವರು ಕೊಟ್ಟಿಗೆಯ ಎತ್ತಿಗೆ ಹೇಳುತ್ತಿದ್ದರು. "ಸಾರ್ಗೆ ಉಪ್ಪು ಸಾಲ್ದು ಕಣ್ಲಾ ಬಸವ" ಎಂದರೆ ನಾನು ಉಪ್ಪು ಕಳಿಸಬೇಕು. ಒಳಗಿನಿಂದ ಬಳೆ ಅಲ್ಲಾಡಿಸಿದರೆ ಅದೇ ನನ್ನ ಉತ್ತರ. ನಮ್ಮ ಸಂಸಾರದ ಗುಟ್ಟೆಲ್ಲ ಆ ಎತ್ತಿಗೆ ಗೊತ್ತಿತ್ತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಮರಗಳು ಕರೆಂಟಿನ ತಂತಿಗೆ ತಾಗದಂತೆ ಕೊಂಬೆ ಕಡಿಯುವುದು ಮಾವನವರ ಕಸುಬು. ತಂತಿ ನಮ್ಮೂರ ಪಕ್ಕದಲ್ಲೇ ಹಾದುಹೋಗುತ್ತಿತ್ತು, ನಮ್ಮ ಮನೆಯಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿ. ಹೊಲ ಕಾಯುವವರ ಅಟ್ಟಣೆಯಂಥದ್ದನ್ನೇ ಅವರು ಎತ್ತಿನ ಗಾಡಿಯ ಮೇಲೆ ನಾಲ್ಕು ಕಂಬ ನೆಟ್ಟು ಕಟ್ಟಿಸಿದ್ದರು. ಮರದ ಕೆಳಗೆ ಗಾಡಿ ನಿಂತ ಕೂಡಲೇ ಎತ್ತು ಬಿಚ್ಚಿ ದೂರ ಕಟ್ಟಬೇಕು, ನೊಗ ಕಟ್ಟುವ ಮೂಕಿಗೆ ಊರುಗೋಲು ಕೊಡಬೇಕು, ಗಾಲಿಗೆ ಕಲ್ಲು ಒಡ್ಡಬೇಕು. ಮೇಲೆ ಹೋದವನ ಸೊಂಟದ ಹಗ್ಗ ಮರದ ಬೊಡ್ಡೆಗೆ ಬಿಗಿಯಬೇಕು. ಸೊಪ್ಪಿಗೆಂದು ಆಡು ಹೊಡೆದುಕೊಂಡು ಬಂದವರು ರಸ್ತೆಯಾಚೆಯೇ ಕೂರಬೇಕು. ಇಷ್ಟಾಗದೆ ಕೊಡಲಿ ಏಳುವಂತಿರಲಿಲ್ಲ, ಮೇಲೆ ಜನ ಇರುವಾಗ ಗಾಡಿ ಕದಲುವಂತಿರಲಿಲ್ಲ.

ಅಟ್ಟಣೆ ಹತ್ತುತ್ತಿದ್ದವರು ನಮ್ಮ ಯಜಮಾನರು. ಅವರಿಗೆ ಈ ಶಾಸ್ತ್ರವೆಲ್ಲ ಬೇಸರ. ಒಂದು ದಿನ ಮುಂದಿನ ಮರ ಪಕ್ಕದಲ್ಲೇ ಇತ್ತಂತೆ. "ಎತ್ತು ಕಟ್ರಲಾ, ಇಂಗೇ ಎಳ್ಕಂಡು ಓಗವ. ಇಳ್ದು ಅತ್ತೋರ್ಯಾರು" ಎಂದು ಮೇಲಿನಿಂದಲೇ ಆಳುಗಳಿಗೆ ಕೂಗಿದರು. ಮಾವನವರು ಟವೆಲು ಹಾಸಿ ಗಾಲಿಯ ಮುಂದೆ ಮಲಗಿಬಿಟ್ಟರು. "ಓಡ್ಸ್ರಲಾ" ಎಂದು ಕಣ್ಣು ಮುಚ್ಚಿದರು. ಹಿಂದೆ ಬಂದು ನಿಂತ ಮಳವಳ್ಳಿ ಬಸ್ಸಿನವರೆಲ್ಲ ಇಳಿದು ನಗತೊಡಗಿದ ಮೇಲೆ ಮಗ ಕೆಳಗಿಳಿದರು. ಆ ರಾತ್ರಿ ಅವರು ಮುದ್ದೆ ಮುಂದೆ ಕೂತು, ಮಾನ ಹೋಯಿತೆಂದು ಗೊಣಗಿದರು. ಮಾವನವರು ಕೊಟ್ಟಿಗೆಯ ಕಡೆ ತಿರುಗಿ, "ಓದ್ ಮಾನ ನಾಳೀಕ್ ಬತ್ತದೆ ಕಣ್ಲಾ ಬಸವ. ಮುರ್ದ್ ಬೆನ್ನು ಬರಾಕಿಲ್ಲ" ಎಂದರು.

ಮಾರನೆಯ ದಿನ ಎತ್ತಿಗೆ ಇನ್ನೊಂದು ಅಪ್ಪಣೆಯಾಯಿತು. "ಅಲಗೂರ್ ಕಡೆ ಎಣ್ಣು, ಕತ್ತಾಳೆ ಅಗ್ಗ ವಸೆಯಾಕೆ ಬತ್ತದಂತೆ. ಗಂಡನ ಅಗ್ಗ ಇನ್ಮ್ಯಾಕೆ ಅವ್ಳೇ ನೋಡ್ಕಳ್ಳಿ. ಅವ್ಳಿಗಿಂತ ನಿಗಾ ಇನ್ಯಾರ್ಗದೆ." ಅಂದಿನಿಂದ ಹೊಸ ಹಗ್ಗ ಹೊಸೆಯುವುದೂ ಬೆಳಿಗ್ಗೆ ಅದನ್ನು ಗೇಣುಗೇಣು ಎಳೆದು ನೋಡುವುದೂ ನನ್ನ ಪಾಲಿಗೆ ಬಂತು. "ಅಗ್ಗ ನೋಡಾಯ್ತೇನ್ಲಾ ಬಸವ?" ಎಂದು ಅವರು ಕೇಳುವರು. ನನ್ನ ಬಳೆ ಸದ್ದಾದರೆ ಮಾತ್ರ ಗಾಡಿ ಅಂಗಳ ಬಿಡುತ್ತಿತ್ತು.

ನಮ್ಮೂರ ಹುಣಸೆಮರದ ಸರದಿ ಬಂದಾಗ ನಾನೂ ನಮ್ಮ ಅತ್ತೆಯೂ ಊಟ ಹೊತ್ತು ಹೋಗಿದ್ದೆವು. ಅರೆ ಕಡಿದ ಕೊಂಬೆ ಕೆಳಗೆ ಬೀಳದೆ, ಸಿಗುರಿನಲ್ಲಿ ಜೋತುಕೊಂಡು ತಿರುಗಿ ಬಂದು ಅಟ್ಟಣೆಯ ಕಂಬಕ್ಕೆ ಬಡಿಯಿತು. ಅಟ್ಟಣೆ ಕಳಚಿ ನೆಲಕ್ಕೆ ಬಿತ್ತು. ನಮ್ಮ ಯಜಮಾನರು ಬೀಳಲಿಲ್ಲ. ಬೊಡ್ಡೆಯ ಪಕ್ಕದಲ್ಲಿ, ನಾನು ಹೊಸೆದ ಹಗ್ಗದಲ್ಲಿ ನೇತಾಡುತ್ತಿದ್ದರು. ಏಣಿ ಇಟ್ಟು ಅವರನ್ನು ಇಳಿಸುವವರೆಗೂ ನಾನು ಗಂಡನ ಮುಖ ನೋಡಲಿಲ್ಲ, ಹಗ್ಗವನ್ನೇ ನೋಡುತ್ತಿದ್ದೆ. ಮಾವನವರು ದೂರ ಕಟ್ಟಿದ್ದ ಎತ್ತಿನ ಕುತ್ತಿಗೆ ತಬ್ಬಿಕೊಂಡು, "ನನ್ ಸೊಸೆ ಮಗನ್ನ ಉಳಿಸ್ಕೊಟ್ಲು ಕಣ್ಲಾ" ಎಂದು ಅತ್ತರು.

ಸ್ವಾತಂತ್ರ್ಯ ಬಂದ ವರ್ಷ ಅವರು ಹಾಸಿಗೆ ಹಿಡಿದರು. ಕಿವಿಯೂ ಮಂದವಾಗಿತ್ತು. ಒಂದು ಬೆಳಿಗ್ಗೆ ಜಗಲಿಯಲ್ಲಿ ಮಲಗಿದ್ದವರು ಎಂದಿನಂತೆ ಎತ್ತಿನ ಕಡೆ ತಿರುಗಿ ಹಗ್ಗ ನೋಡಾಯಿತೇ ಎಂದು ಕೇಳಿದರು. ನಾನು ಬಳೆ ಅಲ್ಲಾಡಿಸಿದೆ. ಅವರಿಗೆ ಕೇಳಿಸಲಿಲ್ಲ. ಜೋರಾಗಿ ಅಲ್ಲಾಡಿಸಿದೆ, ಒಂದು ಬಳೆ ಒಡೆಯಿತು, ಅದೂ ಕೇಳಿಸಲಿಲ್ಲ. ಅಂಗಳದಲ್ಲಿ ಗಾಡಿ ಕಟ್ಟಿ ನಿಂತಿತ್ತು. ಅದನ್ನು ತಡೆಯಲು ಅವರು ನಡುಗುತ್ತ ಏಳಹೊರಟರು.

ನಾನು ಸೆರಗು ಹೊದ್ದು ಹೊಸ್ತಿಲು ದಾಟಿದೆ. ಅವರ ಕಿವಿಯ ಹತ್ತಿರ ಬಗ್ಗಿ, "ನೋಡಿವ್ನಿ ಮಾವ. ಗಟ್ಯಾಗೇ ಅದೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಎತ್ತಿನ ಕಡೆ ತಿರುಗಲಿಲ್ಲ. "ಅಂಗಾರೆ ಓಗ್ಲಿ ಬುಡವ್ವ" ಎಂದು ಮತ್ತೆ ಒರಗಿಕೊಂಡರು.

ನಾವಿಬ್ಬರೂ ಆಡಿದ ಮಾತು ಅಷ್ಟೇ. ಆ ವಾರದಲ್ಲೇ ಅವರು ತೀರಿಕೊಂಡರು. ನಮ್ಮ ಯಜಮಾನರು ಆಮೇಲೂ ಎಷ್ಟೋ ವರ್ಷ ಮರ ಕಡಿದರು, ಸಂಜೆಗೆ ತಮ್ಮ ಕಾಲಲ್ಲೇ ನಡೆದು ಮನೆಗೆ ಬಂದರು. ಹಗ್ಗ ಹೊಸೆದವಳು ನಾನೇ ಇರಬಹುದು. ಆ ಸಂಜೆಗಳನ್ನೆಲ್ಲ ನನಗೆ ಕೊಟ್ಟವರು ನಮ್ಮ ಮಾವನವರು.