ಅತ್ತೆ ಕೇಳಿದ ಲೈಸೆನ್ಸ್

ನಾನು ಏನು ಓದುತ್ತಿದ್ದೇನೆ ಎಂಬುದನ್ನು ಯಲಬುರ್ಗಾದ ನಮ್ಮ ಮನೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಆ ಓದೇ ಮುಗಿಯುತ್ತ ಬಂದಿತ್ತು. ಕೊಪ್ಪಳದಲ್ಲಿ ಡಿಗ್ರಿ ಮಾಡಿ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುವ ತನಕ ತೊಂದರೆ ಇರಲಿಲ್ಲ. ಟೀಚರ್ ಆಗುತ್ತಾಳೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಆಮೇಲೆ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ, ಅದಾದ ಮೇಲೆ ದೂರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಎಂದಾಗ ಎಲ್ಲರಿಗೂ ಗೊಂದಲವಾಯಿತು. ಡಾಕ್ಟರೇನು? ಅಲ್ಲ. ನರ್ಸೇನು? ಅಲ್ಲ. ಕ್ಯಾನ್ಸರ್ ಗಡ್ಡೆಗೆ ಕಿರಣ ಕೊಡುವ ಯಂತ್ರ ಸರಿಯಾಗಿದೆಯೇ ಎಂದು ಅಳೆದು ನೋಡುವುದು, ಯಾವ ರೋಗಿಗೆ ಎಷ್ಟು ಕಿರಣ, ಯಾವ ದಿಕ್ಕಿನಿಂದ ಎಂದು ಲೆಕ್ಕ ಹಾಕುವುದು ನನ್ನ ಕೆಲಸ ಎಂದೆ.

ನಮ್ಮ ಕಡೆ ಆ ಚಿಕಿತ್ಸೆಗೆ ಇರುವ ಹೆಸರು ಒಂದೇ: ಕರೆಂಟ್ ಕೊಡೋದು.

“ಹಂಗಂದ್ರ ಕರೆಂಟಿನ ಕೆಲಸ,” ಎಂದು ಕಾಕಾ ತೀರ್ಪು ಕೊಟ್ಟ. ಮರುದಿನವೇ ಹೊಲದ ಮೋಟರಿನ ಸ್ಟಾರ್ಟರ್ ಬಿಚ್ಚಿ ತಂದು ನನ್ನ ಮುಂದೆ ಇಟ್ಟ. ಅದನ್ನು ರಿಪೇರಿ ಮಾಡಲು ನನಗೆ ಬರುವುದಿಲ್ಲ ಎಂದಾಗ ಅವನಿಗೆ ಸಿಟ್ಟು ಬಂದದ್ದು ನನ್ನ ಮೇಲಲ್ಲ, ಯೂನಿವರ್ಸಿಟಿಯ ಮೇಲೆ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅದೇ ‘ಕರೆಂಟ್’ ಎಂಬ ಮಾತು ಅತ್ತೆಯ ಜೀವಕ್ಕೆ ಕುತ್ತು ತರುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಕನಕಗಿರಿ ಹತ್ತಿರದ ಹಳ್ಳಿಯಲ್ಲಿ ಎಮ್ಮೆ ಸಾಕಿಕೊಂಡು ಇರುವವಳು. ನನ್ನ ಬೇಸಿಗೆ ರಜೆಗಳೆಲ್ಲ ಅವಳ ಮನೆಯಲ್ಲೇ ಕಳೆದವು. ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದಳೆಂದರೆ ಕಣ್ಣಲ್ಲಿ ನೀರು ಬರಬೇಕು, ಹಾಗೆ ಎಳೆಯುತ್ತಿದ್ದಳು. ಅವ್ವನಿಗಿಂತ ಅವಳ ಮೇಲೆ ನನಗೆ ಗುಲಗಂಜಿ ತೂಕದಷ್ಟು ಹೆಚ್ಚು ಪ್ರೀತಿ. ಅವ್ವನಿಗೂ ಅದು ಗೊತ್ತು.

ಅವಳ ಗಂಡ, ನಮ್ಮ ಮಾವ, ತೀರಿಕೊಂಡದ್ದು ಕರೆಂಟ್ ಹೊಡೆದು. ಬೋರಿನ ಮೋಟರಿಗೆ ಹೊಸದಾಗಿ ವೈರ್ ಎಳೆಸಿದ್ದರು. ಎಳೆದವನಿಗೆ ಲೈಸೆನ್ಸ್ ಇರಲಿಲ್ಲ, ಅರ್ಥಿಂಗ್ ಕೊಡದೆ ಹೋಗಿದ್ದ. ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಚ್ಚಿದ ಮಾವ ಅಲ್ಲೇ ಬಿದ್ದ. ಅಂದಿನಿಂದ ಅತ್ತೆ ಮನೆಯ ಲೈಟ್ ಹಾಕಬೇಕಾದರೂ ಕಾಲಿಗೆ ರಬ್ಬರ್ ಚಪ್ಪಲಿ ಮೆಟ್ಟಿಕೊಳ್ಳುತ್ತಾಳೆ.

ಅಂಥವಳಿಗೆ ಎದೆಯಲ್ಲಿ ಗಡ್ಡೆಯಾಯಿತು. ಬೇರೊಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅದಕ್ಕೆ ಅವಳು ಹೆದರಲಿಲ್ಲ. ಗಾಯ ಮಾಗಿದ ಮೇಲೆ ಕಿರಣ ಚಿಕಿತ್ಸೆ ಆಗಲೇಬೇಕು, ತಡ ಮಾಡಿದರೆ ರೋಗ ಮರಳಬಹುದು ಎಂದು ಡಾಕ್ಟರು ಹೇಳಿದರು. ಪಕ್ಕದ ಮಂಚದಲ್ಲಿದ್ದ ಕುಷ್ಟಗಿ ಕಡೆಯ ಹೆಂಗಸು ಅದನ್ನು ಬಿಡಿಸಿ ಹೇಳಿದಳು: “ಕರೆಂಟ್ ಕೊಡ್ತಾರ್ರಿ. ಕೊಡೂ ಮುಂದ ಎಲ್ಲಾರೂ ಹೊರಗ ಓಡಿಹೋಗಿ ಬಾಗಲಾ ಹಾಕ್ಕೋತಾರ.” ಅತ್ತೆ ಊರಿಗೆ ಬಂದವಳು ಮತ್ತೆ ಆಸ್ಪತ್ರೆಯ ಕಡೆ ಮುಖ ಹಾಕಲಿಲ್ಲ. ಅಪ್ಪ ಹೋಗಿ ಬೈದ, ಕಾಕಾ ಕೈ ಮುಗಿದ. ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ವಾರಗಳು ಕಳೆಯುತ್ತಿದ್ದವು. ಕೊನೆಗೆ ಇಂಟರ್ನ್‌ಶಿಪ್‌ನಲ್ಲಿದ್ದ ನನಗೆ ಫೋನ್ ಬಂತು.

ನಾನು ಹೋದಾಗ ಅತ್ತೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಒಂದು ಕೈ ಇನ್ನೂ ಪೂರ್ತಿ ಮೇಲೇಳುತ್ತಿರಲಿಲ್ಲ. ಅವಳ ಪಕ್ಕ ಕೂತೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿ ತಂದಿದ್ದ ಉದಾಹರಣೆಯನ್ನು ಒಪ್ಪಿಸಿದೆ.

“ಅತ್ತಿ, ಫ್ಯಾನಿಗೆ ಕರೆಂಟ್ ಬೇಕು. ಆದ್ರ ನಿನ್ನ ಮೈಗೆ ಬರೂದು ಗಾಳಿ, ಹೌದಿಲ್ಲೋ? ಇದೂ ಹಂಗ. ಮಷಿನಿಗೆ ಕರೆಂಟ್ ಬೇಕು, ನಿನಗ ಬರೂದು ಬರೇ ಕಿರಣ.”

“ಫ್ಯಾನ್ ಹಚ್ಚಿ ಎಲ್ಲಾರೂ ಹೊರಗ ಓಡಿಹೋಗ್ತಾರೇನು?” ಎಂದಳು ಅತ್ತೆ.

ನನ್ನ ಎಂ.ಎಸ್ಸಿ., ಡಿಪ್ಲೊಮಾ ಎರಡೂ ಆ ಕಟ್ಟೆಯ ಮೇಲೇ ಮಣ್ಣುಪಾಲಾದವು. ನಿನಗೆ ಅದು ಔಷಧ, ರೋಗವಿಲ್ಲದ ನಾವು ದಿನಾ ಬರುವ ಎಲ್ಲ ರೋಗಿಗಳ ಜೊತೆ ಅದನ್ನು ತಗೊಳ್ಳಬಾರದು ಎಂದು ಹೇಳಿದೆ. ಹೂಂ ಎಂದಳು. ಎರಡು ಶೇಂಗಾ ಒಡೆದಳು. ಆಮೇಲೆ ಕೇಳಿದಳು:

“ನಿನಗ ಲೈಸೆನ್ಸ್ ಐತೇನು?”

ಹೌದು ಎನ್ನಬಹುದಿತ್ತು. ಆ ಊರಲ್ಲಿ ಯಾರು ವಿಚಾರಿಸುತ್ತಿದ್ದರು? ಆದರೆ ಆ ಮನೆಯಲ್ಲಿ ಆ ಶಬ್ದದ ಬೆಲೆ ಏನೆಂದು ಗೊತ್ತಿದ್ದೂ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಅವಳು ಒಲ್ಲೆ ಎಂದರೆ ಮುಗಿಯಿತು, ಅತ್ತೆ ನಮ್ಮ ಕೈತಪ್ಪುತ್ತಾಳೆ. ಆದರೂ ನಿಜವನ್ನೇ ಹೇಳಿದೆ.

“ಇಲ್ಲ ಅತ್ತಿ.”

“ಮತ್ತ ಇಷ್ಟ್ ವರ್ಷ ಓದಿದ್ದು?”

“ಓದಿದ್ರ ಸಾಲೂದಿಲ್ಲ. ಈ ವರ್ಷ ಪೂರ್ತಿ ಆಸ್ಪತ್ರ್ಯಾಗ ಕಲೀಬೇಕು. ಆಮ್ಯಾಲ ಪರೀಕ್ಷಾ ಐತಿ. ಅದು ಪಾಸಾದ್ರ ಸರ್ಕಾರದವ್ರು ಒಪ್ಪಿಗಿ ಕೊಡ್ತಾರ. ಅಲ್ಲೀತನಕ ನಾ ಮಾಡಿದ ಲೆಕ್ಕಾನ ನನಗ ಕಲಿಸೂ ಮೇಡಂ ಹಿಂದ ನಿಂತು ಮತ್ತೊಮ್ಮಿ ನೋಡ್ತಾರ. ಅವರು ಸೈ ಮಾಡ್ಲಿಲ್ಲಂದ್ರ ಮಷಿನ್ ಚಾಲೂ ಮಾಡೂ ಹಂಗಿಲ್ಲ.”

“ನಿನ್ನ ಒಬ್ಬಾಕಿನ್ನ ಬಿಡೂದ ಇಲ್ಲ?”

“ಬಿಡೂದ ಇಲ್ಲ.”

ಅತ್ತೆಯ ಕೈ ನಿಂತಿತು. ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಆ ವೈರ್ ಎಳದಾವನ ಹಿಂದೂ ಯಾರರ ಹಿಂಗ ನಿಂತು ನೋಡಿದ್ರ, ನಿಮ್ಮ ಮಾವ ಇವತ್ತಿಗೂ ಇರ್ತಿದ್ದ,” ಎಂದಳು.

ಆ ವೈರ್ ಎಳೆದವನ ವಿಷಯ ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಬೈಯಲೂ ಇಲ್ಲ. ನಾನು ಅವಳ ಮಡಿಲಲ್ಲಿ ಮುಖ ಇಟ್ಟು ಗಳಗಳನೆ ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರುತ್ತ, “ಏಳ, ಹುಚ್ಚಿ. ಯಾವಾಗ ಹೋಗೂದು ಅದನ್ನ ಹೇಳು,” ಎಂದಳು.

ನಮ್ಮ ಆಸ್ಪತ್ರೆಯಲ್ಲಿ ಮೊದಲ ದಿನ ಅತ್ತೆ ಚಪ್ಪಲಿ ಬಿಡಲು ಒಪ್ಪಲಿಲ್ಲ. ಯಂತ್ರದ ಕೆಳಗೆ ರಬ್ಬರ್ ಚಪ್ಪಲಿ ಸಮೇತ ಮಲಗಿದಳು. ಕಿರಣ ಬೀಳುವುದು ಎದೆಯ ಮೇಲೆ, ಕಾಲಲ್ಲಿ ಏನಿದ್ದರೇನು ಎಂದು ಮೇಡಂ ಸುಮ್ಮನಾದರು. ನಾವು ಹೊರಗೆ ಬಂದೆವು, ದಪ್ಪ ಬಾಗಿಲು ಮುಚ್ಚಿತು. ಟಿ.ವಿ. ಪರದೆಯಲ್ಲಿ ಅವಳೊಬ್ಬಳೇ ಕಾಣುತ್ತಿದ್ದಳು. ನಾನು ಮೈಕಿನಲ್ಲಿ ಹೇಳಿದೆ:

“ಅತ್ತಿ, ನಾ ಇಲ್ಲೇ ಅದೀನಿ.”

“ನಿನ್ನ ಹಿಂದ ಮೇಡಂ ಅದಾರೇನು?”

ಎಲ್ಲರೂ ನಕ್ಕರು. ಮೇಡಂ ತಾವೇ ಬಗ್ಗಿ, “ಅದೀನ್ರಿ ಅಮ್ಮಾ, ನೋಡಾಕತ್ತೀನಿ,” ಎಂದರು. ಅಷ್ಟು ಕೇಳಿದ ಮೇಲೆ ಅತ್ತೆ ಕಣ್ಣು ಮುಚ್ಚಿದಳು. ಚಿಕಿತ್ಸೆ ಮುಗಿಯುವ ತನಕ ದಿನಾ ಇದೇ ಪ್ರಶ್ನೆ, ಇದೇ ಉತ್ತರ. ಚರ್ಮ ಸ್ವಲ್ಪ ಕಪ್ಪಾಯಿತು, ಆಮೇಲೆ ಆ ಕಪ್ಪು ಮಾಸಿತು. ಅತ್ತೆ ಎಮ್ಮೆಗಳ ಹತ್ತಿರ ವಾಪಸಾದಳು.

ಇಂಟರ್ನ್‌ಶಿಪ್ ಮುಗಿಸಿ ಪರೀಕ್ಷೆಗೆ ಕೂತೆ. ಪಾಸಾದೆ. ಆಸ್ಪತ್ರೆಯಲ್ಲಿ ಕೆಲಸ ಮಾಡಲು ಒಪ್ಪಿಗೆ ಬಂದ ದಿನ ಅವ್ವನಿಗಿಂತ ಮೊದಲು ಅತ್ತೆಗೆ ಫೋನ್ ಮಾಡಿದೆ.

“ಅತ್ತಿ, ಲೈಸೆನ್ಸ್ ಬಂತು! ಇನ್ನ ಲೆಕ್ಕಕ್ಕ ನಾನ ಸೈ ಮಾಡಬಹುದು.”

ಖುಷಿಯಿಂದ ಕುಣಿಯುತ್ತಾಳೆ ಎಂದುಕೊಂಡಿದ್ದೆ.

“ಅಂದ್ರ ಇನ್ನ ನಿನ್ನ ಹಿಂದ ಯಾರೂ ನಿಂದ್ರೂದಿಲ್ಲೇನು?” ಎಂದಳು. ದನಿಯಲ್ಲಿ ಭಯವಿತ್ತು.

“ನಿಂದರ್ತಾರ ಅತ್ತಿ. ನಮ್ಮಲ್ಲಿ ಲೈಸೆನ್ಸ್ ಇದ್ದವ್ರದೂ ಇನ್ನೊಬ್ರು ನೋಡ್ತಾರ. ಮೇಡಂದು ನಾ ನೋಡ್ತೀನಿ, ನಂದು ಅವರು ನೋಡ್ತಾರ.”

ಅವಳು ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು.

“ಹಂಗಾದ್ರ ಛಲೋ ಆತು,” ಎಂದಳು. “ಈಗ ಓಣಿಗೆಲ್ಲ ಸಕ್ಕರಿ ಹಂಚ್ತೀನಿ.”